ಬ್ರಾಂಪ್ಟನ್ನಿನಲ್ಲಿ ಕಾರಿಗೆ ಇನ್ಶೂರೆನ್ಸ್ ಮಾಡಿಸಿದ ಎಂಟು ತಿಂಗಳ ಕತೆ

ಮೊನ್ನೆ ಗುರುವಾರ ಮಧ್ಯಾಹ್ನ ನನ್ನ ಇಮೇಲಿಗೆ ಪಿಂಕ್ ಸ್ಲಿಪ್ ಬಂತು. ಕಾರಿಗೆ ಇನ್ಶೂರೆನ್ಸ್ ಇದೆ ಅಂತ ಹೇಳುವ ಪುಟ್ಟ ಚೀಟಿ ಅದು. ಲೈಬ್ರರಿಗೆ ಹೋಗಿ ಪ್ರಿಂಟ್ ತೆಗೆದು, ಮಡಚಿ ಪರ್ಸಿಗೆ ಹಾಕಿಕೊಂಡೆ. ಅಲ್ಲೇ ಒಂದು ಕುರ್ಚಿಯಲ್ಲಿ ಐದು ನಿಮಿಷ ಸುಮ್ನೆ ಕೂತೆ. ನಾವು ಕೆನಡಾಕ್ಕೆ ಬಂದಿಳಿದದ್ದು 2023ರ ಆಗಸ್ಟಿನಲ್ಲಿ. ಚೀಟಿ ಕೈಗೆ ಬಂದದ್ದು 2024ರ ಏಪ್ರಿಲಿನಲ್ಲಿ. ನಡುವೆ ಏನೇನಾಯಿತು ಅನ್ನುವುದನ್ನು ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಕೆನಡಾದ ಒಂಟಾರಿಯೊ ಪ್ರಾಂತ್ಯಕ್ಕೆ ಹೊರಟಿರುವವರು ಊರು ಬಿಡುವ ಮೊದಲೇ ಓದಿದರೆ ಒಳ್ಳೆಯದು. ನನ್ನ ಅರ್ಧ ಕಷ್ಟ ಹುಟ್ಟಿದ್ದು ಊರಿನಲ್ಲೇ.

ನಾನು ನಿನ್ನೆ ಮೊನ್ನೆ ಸ್ಟಿಯರಿಂಗ್ ಹಿಡಿದವಳಲ್ಲ. ಲೈಸೆನ್ಸ್ ಮಾಡಿಸಿದ್ದು 2006ರಲ್ಲಿ, ಮದುವೆಗೂ ಮೊದಲು. ಮನೆಯ ವ್ಯಾಗನ್ ಆರ್ ಅನ್ನು 11 ವರ್ಷ ನಾನೇ ಓಡಿಸಿದ್ದೇನೆ. ಮಗನ ಶಾಲೆ, ಅತ್ತೆಯ ಕಣ್ಣಿನ ಆಸ್ಪತ್ರೆ, ವರ್ಷಕ್ಕೆರಡು ಸಲ ಶಿರಾಡಿ ಘಾಟಿ ಇಳಿದು ತವರಿಗೆ. ಒಂದು ಗೀರೂ ಬಿದ್ದಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಒಂದು ಸಲವೂ ಕ್ಲೇಮ್ ಮಾಡಿರಲಿಲ್ಲ. ನನ್ನ ಗಂಡನದ್ದು ಏನಿದ್ದರೂ ಸ್ಕೂಟರ್. ಹಾಗಾಗಿ ಇಲ್ಲೂ ಕಾರು ಓಡಿಸುವವಳು ನಾನೇ ಅಂತ ವಿಮಾನ ಹತ್ತುವಾಗಲೇ ತೀರ್ಮಾನವಾಗಿತ್ತು.

ಬಂದವರು ಟೊರಾಂಟೊ ಪಕ್ಕದ ಬ್ರಾಂಪ್ಟನ್ನಿನಲ್ಲಿ ಒಂದು ಮನೆಯ ಬೇಸ್‌ಮೆಂಟ್ ಬಾಡಿಗೆಗೆ ಹಿಡಿದೆವು. ಸೆಪ್ಟೆಂಬರಿನಲ್ಲಿ ನನಗೆ ಓಕ್‌ವಿಲ್ಲಿನ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಪಾಳಿ ಶುರುವಾಗುವುದು ಬೆಳಗ್ಗೆ 6ಕ್ಕೆ. ಬಸ್ಸು ನಂಬಿಕೊಂಡರೆ ಅಷ್ಟು ಹೊತ್ತಿಗೆ ತಲುಪುವ ಮಾತೇ ಇಲ್ಲ. ಒಬ್ಬ ಸಹೋದ್ಯೋಗಿಗೆ ವಾರಕ್ಕೆ 50 ಡಾಲರ್ ಕೊಟ್ಟು ಅವರ ಕಾರಿನಲ್ಲಿ ಹೋಗತೊಡಗಿದೆ. ಒಂದು ತಿಂಗಳು ಹೀಗೆ, ಆಮೇಲೆ ನಮ್ಮದೇ ಕಾರು ಅಂದುಕೊಂಡಿದ್ದೆ.

ಒಂದು ರಾತ್ರಿ ಊಟ ಆದಮೇಲೆ ಲ್ಯಾಪ್‌ಟಾಪ್ ಮುಂದೆ ಕೂತು, ಇನ್ಶೂರೆನ್ಸ್ ಎಷ್ಟಾಗುತ್ತದೆ ನೋಡೋಣ ಅಂತ ವಿವರ ತುಂಬಿದೆ. ಕಾರು ಹೋಂಡಾ ಸಿಆರ್-ವಿ, ಲೈಸೆನ್ಸ್ ಇಲ್ಲಿನ ಎರಡನೇ ಮೆಟ್ಟಿಲಿನ ಜಿ2 ಅಂತ ಇಟ್ಟುಕೊಂಡು, ಕೆನಡಾದಲ್ಲಿ ಅನುಭವ ಸೊನ್ನೆ. ಬಂದ ಉತ್ತರ 742. ವರ್ಷಕ್ಕೆ 742 ಡಾಲರಾ, ಪರವಾಗಿಲ್ಲವಲ್ಲ ಅಂದುಕೊಂಡೆ. ಗಂಡ ಹಿಂದಿನಿಂದ ಬಗ್ಗಿ ನೋಡಿ, "ಕೆಳಗೆ ಓದು, ತಿಂಗಳಿಗೆ" ಅಂದರು.

ಊರಿನಲ್ಲಿ ಸಾವಿರ ಸಿಸಿ ಒಳಗಿನ ಕಾರಿಗೆ ಥರ್ಡ್ ಪಾರ್ಟಿ ಪ್ರೀಮಿಯಂ ವರ್ಷಕ್ಕೆ 2,094 ರೂಪಾಯಿ ಅಂತ 2022ರಲ್ಲಿ ಸರ್ಕಾರವೇ ನಿಗದಿ ಮಾಡಿತ್ತು. ಓಡಿಸುವವರು ಯಾರು, ಎಷ್ಟು ವರ್ಷದಿಂದ, ಯಾವ ಬೀದಿಯಲ್ಲಿ ಮನೆ ಅಂತ ಯಾರೂ ಕೇಳುವುದಿಲ್ಲ. ಅಲ್ಲಿ ಇನ್ಶೂರೆನ್ಸ್ ಮಾಡಿಸುವುದು ಕಾರಿಗೆ. ಇಲ್ಲಿ ಕಾರಿಗಿಂತ ಮೊದಲು ಓಡಿಸುವವರನ್ನು ತೂಗಿ ನೋಡುತ್ತಾರೆ. ಇದು ನನ್ನ ತಲೆಗೆ ಹೋಗಲು ಬಹಳ ದಿನ ಬೇಕಾಯಿತು.

ಇನ್ಶೂರೆನ್ಸಿಗಿಂತ ಮೊದಲು ಲೈಸೆನ್ಸಿನ ಕತೆ ಹೇಳಬೇಕು, ಎರಡೂ ಒಂದಕ್ಕೊಂದು ಗಂಟು ಬಿದ್ದಿವೆ. ಒಂಟಾರಿಯೊಗೆ ಬಂದು ನೆಲೆಸಿದ ಮೇಲೆ ಊರಿನ ಲೈಸೆನ್ಸಿನಲ್ಲಿ 60 ದಿನ ಮಾತ್ರ ಓಡಿಸಬಹುದು. ಆಮೇಲೆ ಇಲ್ಲಿನದೇ ಬೇಕು. ಇಲ್ಲಿ ಮೂರು ಮೆಟ್ಟಿಲು: ಬರೆಯುವ ಪರೀಕ್ಷೆ ಪಾಸಾದರೆ ಜಿ1, ಒಂದು ರಸ್ತೆ ಪರೀಕ್ಷೆಗೆ ಜಿ2, ಹೈವೇ ಸೇರಿದ ಇನ್ನೊಂದಕ್ಕೆ ಪೂರ್ತಿ ಜಿ. ಕೆಲವು ದೇಶಗಳವರು ತಮ್ಮ ಲೈಸೆನ್ಸ್ ಕೊಟ್ಟು ಇಲ್ಲಿನದು ನೇರವಾಗಿ ಪಡೆಯಬಹುದು. ಆ ಪಟ್ಟಿಯಲ್ಲಿ ಭಾರತ ಇಲ್ಲ. ಆದರೆ ಎರಡು ವರ್ಷಕ್ಕಿಂತ ಹೆಚ್ಚು ಅನುಭವ ಇದೆ ಅಂತ ತೋರಿಸಿದರೆ ಕಾಯದೆ ನೇರ ಜಿ ಪರೀಕ್ಷೆಗೇ ಕೂರಬಹುದು. ನನಗೆ 17 ವರ್ಷ ಇದೆ, ಚಿಂತೆಯೇನು?

ಸೆಪ್ಟೆಂಬರ್ ಕೊನೆಗೆ ಪರೀಕ್ಷೆಗೆ ಹೋದೆ. 40 ಪ್ರಶ್ನೆ, ರಸ್ತೆ ನಿಯಮದ ಮೇಲೆ 20, ಚಿಹ್ನೆಗಳ ಮೇಲೆ 20. ಎರಡರಲ್ಲೂ 16 ಸರಿ ಇರಬೇಕು. ಅದು ಸಲೀಸಾಗಿ ಮುಗಿಯಿತು. ಪ್ಯಾಕೇಜಿಗೆ 159 ಡಾಲರ್ 75 ಸೆಂಟ್ ಕಟ್ಟಿದೆ. ಕೌಂಟರಿನಲ್ಲಿದ್ದ ಹೆಂಗಸು ನನ್ನ ಊರಿನ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದನ್ನು ಕೊಟ್ಟದ್ದು 2022ರ ನವೆಂಬರಿನಲ್ಲಿ. ಇನ್ನೂ ಒಂದು ವರ್ಷವೂ ಆಗಿಲ್ಲ" ಅಂದರು.

ಆಗಿದ್ದು ಇಷ್ಟೆ. ಹೊರಡುವ ಮೊದಲು ಎಲ್ಲ ಸರಿಯಾಗಿರಲಿ ಅಂತ ಲೈಸೆನ್ಸ್ ರಿನ್ಯೂ ಮಾಡಿಸಿ ಹೊಸ ಸ್ಮಾರ್ಟ್ ಕಾರ್ಡ್ ಮಾಡಿಸಿಕೊಂಡಿದ್ದೆ. ಅದರ ಮೇಲೆ ಎದ್ದು ಕಾಣುವುದು ಹೊಸ ತಾರೀಖು. ಹಳೆಯ ಪುಸ್ತಕದಂಥ ಲೈಸೆನ್ಸನ್ನು ಇನ್ಯಾಕೆ ಬೇಕು ಅಂತ ಎಲ್ಲೋ ಬಿಸಾಡಿದ್ದೆ. ಅವರು ಒರಟಾಗಿ ಏನೂ ಹೇಳಲಿಲ್ಲ. ಲೈಸೆನ್ಸ್ ಕೊಟ್ಟ ಇಲಾಖೆಯಿಂದಲೋ, ದೂತಾವಾಸದಿಂದಲೋ ಮೂಲ ಪತ್ರ ತನ್ನಿ, ಮೊದಲ ಸಲ ಲೈಸೆನ್ಸ್ ಕೊಟ್ಟ ತಾರೀಖು ಅದರಲ್ಲಿ ಇರಲಿ ಅಂದರು. ಅಲ್ಲಿಯವರೆಗೆ ನಾನು ಜಿ1. ಅಂದರೆ ಪಕ್ಕದಲ್ಲಿ ಕನಿಷ್ಠ ನಾಲ್ಕು ವರ್ಷ ಅನುಭವ ಇರುವ, ಪೂರ್ತಿ ಲೈಸೆನ್ಸಿನವರು ಕೂತಿದ್ದರೆ ಮಾತ್ರ ಕಾರು ಮುಟ್ಟಬೇಕು. ಘಾಟಿ ಇಳಿಸಿದವಳಿಗೆ ಪಾರ್ಕಿಂಗ್ ಜಾಗದಲ್ಲಿ ಒಂದು ಸುತ್ತು ಹಾಕಲೂ ಇನ್ನೊಬ್ಬರು ಬೇಕು. ಅವತ್ತು ಬಸ್ಸಿನಲ್ಲಿ ವಾಪಸ್ ಬರುವಾಗ ನಿಜವಾಗಲೂ ಅಳು ಬಂತು.

ಹಳೆ ಲೈಸೆನ್ಸ್ ಇದ್ದರೆ ಎಸೆಯಬೇಡಿ. ಊರು ಬಿಡುವ ಮೊದಲೇ ಆರ್‌ಟಿಓದಿಂದ ಡಿಎಲ್ ಎಕ್ಸ್‌ಟ್ರಾಕ್ಟ್, ಅಂದರೆ ಲೈಸೆನ್ಸ್ ದಾಖಲೆಯ ಅಧಿಕೃತ ಪ್ರತಿ, ತೆಗೆಸಿಕೊಳ್ಳಿ. ಅದರಲ್ಲಿ ಮೊದಲ ತಾರೀಖು, ಸಹಿ, ಸೀಲು ಎಲ್ಲ ಇರಬೇಕು. ಇಂಗ್ಲಿಷಿನಲ್ಲಿರಬೇಕು.

ನಾನು ಊರಿನಲ್ಲಿರುವ ಭಾವನಿಗೆ ಫೋನ್ ಮಾಡಿದೆ. ಅಕ್ಕನ ಗಂಡ, ಪಾಪದ ಮನುಷ್ಯ, ಇಲ್ಲ ಅಂದವರಲ್ಲ. ಮೊದಲ ಸಲ ಹೋದಾಗ ಸರ್ವರ್ ಇಲ್ಲ. ಎರಡನೇ ಸಲ ಸಂಬಂಧಪಟ್ಟ ಗುಮಾಸ್ತರು ರಜೆ. ಮೂರನೇ ಸಲ ಗೊತ್ತಾದದ್ದು, 2006ರ ನನ್ನ ದಾಖಲೆ ಕಂಪ್ಯೂಟರಿನಲ್ಲಿ ಪೂರ್ತಿ ಇಲ್ಲ. ರಿನ್ಯೂ ಮಾಡಿಸಿದ್ದು ಬೇರೆ ಊರಿನ ಕಚೇರಿಯಲ್ಲಿ, ಮೊದಲು ಮಾಡಿಸಿದ್ದು ಇನ್ನೊಂದರಲ್ಲಿ. ಹಳೆ ರಿಜಿಸ್ಟರ್ ಹುಡುಕಿ ಬ್ಯಾಕ್‌ಲಾಗ್ ಎಂಟ್ರಿ ಮಾಡಬೇಕಂತೆ. "ಏನಮ್ಮಾ, ನಿನ್ನ ಹೆಸರು ಇರೋ ರಿಜಿಸ್ಟರ್ ಮೇಲೆ ಇನ್ನೂ ನಲವತ್ತು ರಿಜಿಸ್ಟರ್ ಕೂತಿವೆ, ನಾನೇ ಧೂಳು ಹೊಡೆದು ಬಂದೆ" ಅಂತ ಭಾವ ನಕ್ಕರು. ನಡುವೆ ದಸರಾ, ದೀಪಾವಳಿ. ಪತ್ರ ಕೊರಿಯರಿನಲ್ಲಿ ನನ್ನ ಕೈಗೆ ಬಂದಾಗ ಡಿಸೆಂಬರ್ 19. ಹೊರಗೆ ಹಿಮ ಬೀಳುತ್ತಿತ್ತು.

ಪತ್ರ ಹಿಡಿದುಕೊಂಡು ಓಡಿದೆ. ಅದೇ ಕೌಂಟರ್, ಈ ಸಲ ಬೇರೆಯವರು. ಪತ್ರ ನೋಡಿದರು, ಪಾಸ್‌ಪೋರ್ಟ್ ನೋಡಿದರು, ಮತ್ತೆ ಪತ್ರ ನೋಡಿದರು. "ಇದು ಯಾರದ್ದು?" ಅಂದರು.

ಲೈಸೆನ್ಸ್ ಮಾಡಿಸುವಾಗ ನನ್ನ ಹೆಸರಿನ ಮುಂದೆ ಎರಡು ಇನಿಷಿಯಲ್, ಒಂದು ಅಪ್ಪನ ಊರಿನದು, ಇನ್ನೊಂದು ಅಪ್ಪನ ಹೆಸರಿನದು. ಮದುವೆ ಆದಮೇಲೆ ಮಾಡಿಸಿದ ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರೇ ಸರ್‌ನೇಮ್. ಇನಿಷಿಯಲ್ ಅಂದರೆ ಏನು ಅಂತ ಅವರಿಗೆ ವಿವರಿಸಲು ನೋಡಿದೆ. ಅಪ್ಪನ ಊರನ್ನು ಯಾಕೆ ಹೆಸರಿಗೆ ಸೇರಿಸಿಕೊಳ್ಳುತ್ತೀರಿ ಅಂತ ಕೇಳಿದರು. ಹಿಂದೆ ಹನ್ನೆರಡು ಜನ ಕಾಯುತ್ತಿದ್ದರು. ಮದುವೆ ಸರ್ಟಿಫಿಕೇಟ್ ತನ್ನಿ ಅಂದರು. ಅದು ಇತ್ತು, ಆದರೆ ಕನ್ನಡದಲ್ಲಿ. ಇಲ್ಲಿ ಮಾನ್ಯತೆ ಇರುವ ಅನುವಾದಕರಿಂದಲೇ ಅನುವಾದ ಆಗಬೇಕು, ನಾವೇ ಬರೆದುಕೊಟ್ಟರೆ ಆಗದು. ಕನ್ನಡದವರನ್ನು ಹುಡುಕುವಷ್ಟರಲ್ಲಿ ಕ್ರಿಸ್‌ಮಸ್ ರಜೆ ಬಂತು. 55 ಡಾಲರ್, ಮೂರು ವಾರ. ಸಬ್ ರಿಜಿಸ್ಟ್ರಾರ್ ಕಚೇರಿಯ ಯಾರದೋ ಕೈಬರಹವನ್ನು ಓದಲಾಗದೆ ಆ ಅನುವಾದಕಿಯೇ ನನಗೆ ಫೋನ್ ಮಾಡಿ, "ಇದು 'ನಂಜಪ್ಪ'ನಾ 'ನಂಜಯ್ಯ'ನಾ ಹೇಳಿ" ಅಂತ ಕೇಳಿದರು. ಎಷ್ಟೋ ದಿನದ ಮೇಲೆ ಹೊರಗಿನವರ ಬಾಯಲ್ಲಿ ಕನ್ನಡ ಕೇಳಿ, ಕೆಲಸ ಮರೆತು ಅರ್ಧ ಗಂಟೆ ಮಾತಾಡಿದೆವು.

ಜನವರಿ ಕೊನೆಗೆ ನನ್ನ ಅನುಭವ ದಾಖಲೆಗೆ ಸೇರಿತು. ಫೆಬ್ರವರಿಯಲ್ಲಿ ಜಿ ಪರೀಕ್ಷೆ. ಕಾರು ಇಲ್ಲದವರು ಡ್ರೈವಿಂಗ್ ಶಾಲೆಯವರ ಕಾರನ್ನೇ ತೆಗೆದುಕೊಂಡು ಹೋಗುತ್ತಾರೆ. ಅದರ ಬಾಡಿಗೆ, ನಾಲ್ಕು ಕ್ಲಾಸು ಎಲ್ಲ ಸೇರಿ ನನಗೆ 380 ಡಾಲರ್ ಆಯಿತು. ದುಡ್ಡು ದಂಡ ಅಂತ ಅನಿಸಬಹುದು, ದಂಡ ಅಲ್ಲ. ನನ್ನ ಕೈ 17 ವರ್ಷದ ಅಭ್ಯಾಸದಲ್ಲಿ ಬಲಕ್ಕೇ ಹೋಗುತ್ತಿತ್ತು. ಇಂಡಿಕೇಟರ್ ಹಾಕಲು ಹೋದಾಗಲೆಲ್ಲ ವೈಪರ್ ಶುರು. ಬಿಸಿಲಿನಲ್ಲಿ ಒಣ ಗಾಜಿನ ಮೇಲೆ ವೈಪರ್ ಕಿರ್ ಕಿರ್ ಅಂದಾಗಲೆಲ್ಲ ಪಂಜಾಬಿ ಮೇಷ್ಟ್ರು ಏನೂ ಮಾತಾಡದೆ ಕೈಮುಗಿಯುತ್ತಿದ್ದರು.

ಮೊದಲ ಸಲ ಫೇಲಾದೆ. ಹೈವೇಗೆ ಸೇರುವ ಜಾಗದಲ್ಲಿ, ಹಿಂದಿನಿಂದ ಬರುವ ಲಾರಿ ನೋಡಿ ಹೆದರಿ 70ಕ್ಕೆ ಇಳಿಸಿದೆ. ಎಲ್ಲರೂ ನೂರರಲ್ಲಿ ಹೋಗುವ ಕಡೆ ನಿಧಾನ ಮಾಡುವುದೇ ಇಲ್ಲಿ ಅಪಾಯ. ಇನ್ನೊಂದು ತಪ್ಪು, ಪಕ್ಕಕ್ಕೆ ಹೋಗುವಾಗ ಕನ್ನಡಿ ಮಾತ್ರ ನೋಡಿದೆ, ಹೆಗಲ ಮೇಲಿಂದ ಕತ್ತು ತಿರುಗಿಸಿ ನೋಡಲಿಲ್ಲ. ಮತ್ತೆ 91 ಡಾಲರ್ 25 ಸೆಂಟ್ ಕಟ್ಟಿ ಮಾರ್ಚಿನಲ್ಲಿ ಹೋದೆ. ಈ ಸಲ ಕತ್ತು ನೋಯುವಷ್ಟು ತಿರುಗಿಸಿದೆ. ಪಾಸು.

ಇನ್ನು ಇನ್ಶೂರೆನ್ಸ್. ಇಷ್ಟೊತ್ತಿಗೆ ಒಂದು ಬುದ್ಧಿ ಬಂದಿತ್ತು. ಕಾರು ಕೊಂಡಮೇಲೆ ಇನ್ಶೂರೆನ್ಸ್ ಕೇಳುವುದಲ್ಲ, ಇನ್ಶೂರೆನ್ಸ್ ಎಷ್ಟು ಅಂತ ಕೇಳಿ ಕಾರು ಆರಿಸುವುದು. ಬ್ರೋಕರ್ ಒಬ್ಬರ ಹತ್ತಿರ ಹೋದೆ. ಬ್ರೋಕರ್‌ಗೆ ನಾವು ಬೇರೆ ದುಡ್ಡು ಕೊಡುವುದಿಲ್ಲ, ಕಂಪನಿಯೇ ಕಮಿಷನ್ ಕೊಡುತ್ತದೆ. ಒಬ್ಬೊಬ್ಬರ ಹತ್ತಿರ ಬೇರೆ ಬೇರೆ ಕಂಪನಿಗಳಿರುತ್ತವೆ, ಹಾಗಾಗಿ ಒಬ್ಬರನ್ನೇ ಕೇಳಿ ಸುಮ್ಮನಾಗಬೇಡಿ. ನಾನು ಮೂವರನ್ನು ಕೇಳಿದೆ, ನೇರವಾಗಿ ಮಾರುವ ಎರಡು ಕಂಪನಿಗಳಿಗೂ ಫೋನ್ ಮಾಡಿದೆ. ಅತಿ ಹೆಚ್ಚಿನದಕ್ಕೂ ಅತಿ ಕಡಿಮೆಯದಕ್ಕೂ ತಿಂಗಳಿಗೆ 230 ಡಾಲರ್ ವ್ಯತ್ಯಾಸ!

ಅವರ ಪ್ರಶ್ನೆಗಳಿಗೆ ಸಿದ್ಧವಾಗಿ ಹೋಗಿ. ಕೆಲಸದ ಜಾಗ ಎಷ್ಟು ಕಿಲೋಮೀಟರ್? ವರ್ಷಕ್ಕೆ ಎಷ್ಟು ಓಡಿಸುತ್ತೀರಿ? ರಾತ್ರಿ ಎಲ್ಲಿ ನಿಲ್ಲಿಸುತ್ತೀರಿ? ಮನೆಯಲ್ಲಿ ಲೈಸೆನ್ಸ್ ಇರುವವರು ಯಾರು ಯಾರು? ಈ ಕೊನೆಯದನ್ನು ಮುಚ್ಚಿಡಬೇಡಿ. ನನ್ನ ಗಂಡ ಆಗಷ್ಟೇ ಜಿ1 ಮಾಡಿಸಿದ್ದರು. ಅವರ ಹೆಸರೂ ಬರೆಸಬೇಕಾಯಿತು, ಆದರೆ ಅದಕ್ಕೆ ಪ್ರೀಮಿಯಂ ಏರಲಿಲ್ಲ. ಜಿ2 ಆದ ದಿನ ಹೇಳಬೇಕು, ಆಗ ಏರುತ್ತದೆ.

ಸಿಆರ್-ವಿ ಅಂದ ಕೂಡಲೇ ಬ್ರೋಕರ್ ಪೆನ್ನು ಕೆಳಗಿಟ್ಟರು. ಟೊರಾಂಟೊ ಸುತ್ತಮುತ್ತ ಕಳ್ಳರು ಹೆಚ್ಚು ಕದಿಯುವ ಕಾರುಗಳಲ್ಲಿ ಅದೂ ಒಂದು. ಕೆಲವು ಕಂಪನಿಗಳು ಟ್ರ್ಯಾಕರ್ ಹಾಕಿಸದಿದ್ದರೆ ಹೆಚ್ಚುವರಿ ದುಡ್ಡು ಕೇಳುತ್ತವೆ. ಹೊಸ ಕಾರಿನ ಆಸೆ ಬಿಟ್ಟು 2016ರ ಕೊರೊಲ್ಲಾ ಅಂದೆ. ಪೆನ್ನು ಮತ್ತೆ ಕೈಗೆ ಬಂತು. ಆಮೇಲೆ ಪಿನ್ ಕೋಡ್. ಒಂಟಾರಿಯೊದಲ್ಲೇ ಪ್ರೀಮಿಯಂ ತುಂಬಾ ಜಾಸ್ತಿ ಇರುವ ಊರುಗಳಲ್ಲಿ ನಮ್ಮ ಬ್ರಾಂಪ್ಟನ್ ಒಂದು. ಸುಮ್ನೆ ತಿಳಿಯಲಿ ಅಂತ ಕಿಚನರ್ ಊರಿನ ಕೋಡ್ ಹಾಕಿ ತೋರಿಸಿದರು. ಅದೇ ನಾನು, ಅದೇ ಕಾರು, 140 ಡಾಲರ್ ಕಡಿಮೆ.

ಆಮೇಲೆ ಅವರು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಸುಲಭದ ಉತ್ತರ ಇರಲಿಲ್ಲ. "ಇಂಡಿಯಾದಲ್ಲಿ ಇನ್ಶೂರೆನ್ಸ್ ಇತ್ತಲ್ಲ, ಕ್ಲೇಮ್ ಇಲ್ಲ ಅಂತ ಪತ್ರ ಇದೆಯಾ? ಒಂದೆರಡು ಕಂಪನಿಗಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ."

ಇತ್ತು. ಊರಿನ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ, 50 ಪರ್ಸೆಂಟ್, ಅದಕ್ಕಿಂತ ಮೇಲೆ ಹೋಗುವುದೇ ಇಲ್ಲ. ಹೊರಡುವಾಗ ಕಾರು ಮಾರಿ, ಬೋನಸ್ಸಿನ ಪತ್ರವನ್ನೂ ತೆಗೆಸಿಟ್ಟಿದ್ದೆವು. ಆದರೆ ಕಾರು ಇದ್ದದ್ದು ನಮ್ಮ ಮಾವನವರ ಹೆಸರಿನಲ್ಲಿ. ಮಾವ ಜೀವಮಾನದಲ್ಲಿ ಕಾರು ಓಡಿಸಿದವರಲ್ಲ. ಅವರ ಕೆಲಸ ಮುಂದಿನ ಸೀಟಿನಲ್ಲಿ ಕೂತು "ನಿಧಾನ, ನಿಧಾನ" ಅನ್ನುವುದು. ನಮ್ಮ ಕಡೆ ಪಾಲಿಸಿಯಲ್ಲಿ ಮಾಲೀಕರ ಹೆಸರಿರುತ್ತದೆ, ಓಡಿಸುವವರ ಪಟ್ಟಿ ಇರುವುದಿಲ್ಲ. ಊರಿನ ಕಂಪನಿಗೆ ಬರೆದು ಕೇಳಿದೆವು, ಸೊಸೆಯೇ ಓಡಿಸುತ್ತಿದ್ದಳು ಅಂತ ಒಂದು ಸಾಲು ಸೇರಿಸಿ ಕೊಡಿ ಅಂತ. ಹಾಗೆ ಕೊಡಲು ಬರುವುದಿಲ್ಲ ಅಂತ ಉತ್ತರ ಬಂತು. ಅವರದ್ದೂ ತಪ್ಪಲ್ಲ. 11 ವರ್ಷ ನಾನು ಓಡಿಸಿದ ಕಾರನ್ನು ಕಾಗದದ ಲೆಕ್ಕದಲ್ಲಿ ನಾನು ಒಂದು ದಿನವೂ ಓಡಿಸಿಲ್ಲ. ಸುರಕ್ಷಿತ ಚಾಲಕ ಅನ್ನುವ ಹೆಸರು ಸ್ಟಿಯರಿಂಗ್ ಮುಟ್ಟದ ನಮ್ಮ ಮಾವನಿಗೆ!

ಹೊರಡುವ ಯೋಚನೆ ಇರುವವರು, ಅದರಲ್ಲೂ ಹೆಣ್ಣುಮಕ್ಕಳು, ಕಾರು ಯಾರ ಹೆಸರಿನಲ್ಲಿದೆ ಒಮ್ಮೆ ನೋಡಿಕೊಳ್ಳಿ.

ಈ ಹೊತ್ತಿಗೆ ಸರಿಯಾಗಿ ವಾಟ್ಸಾಪಿನಲ್ಲಿ ಒಬ್ಬ ಗಂಟುಬಿದ್ದ. ತಿಂಗಳಿಗೆ 190ಕ್ಕೆ ಮಾಡಿಸಿಕೊಡುತ್ತೇನೆ, ವಿಳಾಸ ಮಾತ್ರ ಬೇರೆ ಊರಿನದು ಹಾಕೋಣ, ದುಡ್ಡು ನನ್ನ ಖಾತೆಗೆ ಕಳಿಸಿ ಅಂದ. ಸುಳ್ಳು ಯಾಕೆ, ಒಂದು ರಾತ್ರಿ ಆಸೆಯಾಯಿತು. ತಿಂಗಳಿಗೆ ನೂರೈವತ್ತು ಡಾಲರ್ ಉಳಿದರೆ ಮಗನ ಈಜಿನ ಕ್ಲಾಸು ಆಗುತ್ತದೆ ಅಂತ ಲೆಕ್ಕ ಹಾಕಿದೆ. ಬೆಳಗ್ಗೆ ಎದ್ದು ರೀಬೋ ಅನ್ನುವ ಸಂಸ್ಥೆಯ ಪಟ್ಟಿ ನೋಡಿದೆ. ಒಂಟಾರಿಯೊದ ಬ್ರೋಕರ್‌ಗಳೆಲ್ಲ ಅಲ್ಲಿ ನೋಂದಣಿ ಆಗಿರಬೇಕು, ಯಾರು ಬೇಕಾದರೂ ಹೆಸರು ಹಾಕಿ ನೋಡಬಹುದು. ಅವನ ಹೆಸರಿರಲಿಲ್ಲ. ಇಲ್ಲಿ ಇನ್ಶೂರೆನ್ಸ್ ಇಲ್ಲದೆ ಓಡಿಸಿ ಸಿಕ್ಕಿಬಿದ್ದರೆ ಮೊದಲ ಸಲಕ್ಕೇ ದಂಡ ಕನಿಷ್ಠ 5,000 ಡಾಲರ್, 25,000ದವರೆಗೂ ಹೋಗಬಹುದು. ಪಾಲಿಸಿ ಅಸಲಿಯೇ ಆಗಿದ್ದರೂ ವಿಳಾಸ ಸುಳ್ಳಾದರೆ, ಅಪಘಾತ ಆದ ದಿನ ಕಂಪನಿ ಕೈ ಎತ್ತಬಹುದು. ಅವನನ್ನು ಬ್ಲಾಕ್ ಮಾಡಿದೆ.

ಕೊನೆಗೆ ಮೂರನೇ ಬ್ರೋಕರ್ ಹತ್ತಿರ ಕುದುರಿತು. ಅವರ ಒಂದು ಕಂಪನಿ ನನ್ನ ಆರ್‌ಟಿಓ ಪತ್ರವನ್ನು ಒಪ್ಪಿ ಸ್ವಲ್ಪ ಅನುಭವವನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ಚಳಿಗಾಲದ ಟೈರಿಗೆ ರಿಯಾಯಿತಿ ಕೊಡಬೇಕು ಅಂತ 2016ರಿಂದ ಇಲ್ಲಿ ನಿಯಮವೇ ಇದೆ, ಆದರೂ ಕೇಳಿ ಹಾಕಿಸಿಕೊಳ್ಳಬೇಕಾಯಿತು. ಫೋನಿನ ಆ್ಯಪ್ ನಾನು ಓಡಿಸುವುದನ್ನು ಅಳೆಯಲು ಒಪ್ಪಿದ್ದಕ್ಕೆ ಇನ್ನಷ್ಟು ಇಳಿಯಿತು. ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಅಂಕ ಹೋಗುತ್ತದೆ. ಮಾವನೇ ಪಕ್ಕದಲ್ಲಿ ಕೂತ ಹಾಗೆ.

ಬೇರೆಯವರಿಗೆ ಆಗುವ ನಷ್ಟಕ್ಕೆ ಕಾನೂನಿನ ಕನಿಷ್ಠ ಮೊತ್ತ 2 ಲಕ್ಷ ಡಾಲರ್. ಅದು ಸಾಲದು ಅಂತ ಎಲ್ಲರೂ ಹೇಳಿದರು, ನಾನು 10 ಲಕ್ಷಕ್ಕೆ ಮಾಡಿಸಿದೆ. ಇದಕ್ಕೆ ಜಾಸ್ತಿ ಏರುವುದಿಲ್ಲ. ನನ್ನ ಕಾರಿಗೇ ಪೆಟ್ಟಾದರೆ ಮೊದಲ 1,000 ಡಾಲರ್ ನಾನು ಹಾಕಬೇಕು, ಆ ಮೊತ್ತ ಏರಿಸಿದ್ದರಿಂದ ಪ್ರೀಮಿಯಂ ಇಳಿಯಿತು. ಎಲ್ಲ ಸೇರಿ ತಿಂಗಳಿಗೆ 338. ಶುರುವಿನಲ್ಲೇ ಎರಡು ತಿಂಗಳದ್ದು ಒಟ್ಟಿಗೆ, 676. ಕಂತು ತಪ್ಪಿ ಪಾಲಿಸಿ ರದ್ದಾದರೆ ಮುಂದೆ ಯಾರೂ ಸಲೀಸಾಗಿ ಸೇರಿಸಿಕೊಳ್ಳುವುದಿಲ್ಲವಂತೆ, ಹಾಗಾಗಿ ಆ ಖಾತೆಯಲ್ಲಿ ಯಾವಾಗಲೂ ದುಡ್ಡಿಟ್ಟಿರುತ್ತೇನೆ.

ಕೊನೆಯ ದಿನ ಇನ್ನೊಂದು ತಮಾಷೆ. ಡೀಲರ್ ಇನ್ಶೂರೆನ್ಸ್ ಇಲ್ಲದೆ ಕಾರು ಕೊಡುವುದಿಲ್ಲ, ಇನ್ಶೂರೆನ್ಸಿನವರು ಕಾರಿನ ನಂಬರ್ ಇಲ್ಲದೆ ಪಾಲಿಸಿ ಕೊಡುವುದಿಲ್ಲ. ದಾರಿ ಸುಲಭ ಇದೆ. ಕಾರಿನ ಮೇಲಿರುವ 17 ಅಕ್ಷರದ ವಿನ್ ನಂಬರನ್ನು ಡೀಲರ್ ಮೊದಲೇ ಕೊಡುತ್ತಾರೆ, ಅದನ್ನು ಬ್ರೋಕರ್‌ಗೆ ಕಳಿಸಿದರೆ ಆಯಿತು. ನನಗೆ ಬಂದ ಪಾಲಿಸಿಯಲ್ಲಿ ಮಾತ್ರ ಮೊದಲ ಹೆಸರು ಕೊನೆಗೆ, ಕೊನೆಯದು ಮೊದಲಿಗೆ. ಸಹಿ ಹಾಕುವ ಮೊದಲೇ ಕಣ್ಣಿಗೆ ಬಿತ್ತು, ಪುಣ್ಯ. ಲೈಸೆನ್ಸಿಗೆ ಹೊಂದುವ ಹಾಗೆ ತಿದ್ದಿಸಲು ಇನ್ನೊಂದು ದಿನ. ಕಾರಿಗೆ 13,800, ಅದರ ಮೇಲೆ ಇಲ್ಲಿನ ಮಾರಾಟ ತೆರಿಗೆ ಎಚ್‌ಎಸ್‌ಟಿ 13 ಪರ್ಸೆಂಟ್ ಅಂದರೆ 1,794.

ರಾತ್ರಿ ಊರಿಗೆ ವಿಡಿಯೋ ಕಾಲ್ ಮಾಡಿದೆವು. ತಿಂಗಳಿಗೆ 338 ಡಾಲರ್ ಅಂದರೆ ಇಪ್ಪತ್ತು ಸಾವಿರ ರೂಪಾಯಿ ಅಂತ ಕೇಳಿ ಅತ್ತೆ, "ಆ ದುಡ್ಡಿಗೆ ಒಬ್ಬ ಡ್ರೈವರನ್ನೇ ಇಟ್ಕೋಬಹುದಿತ್ತಲ್ಲೇ" ಅಂದರು. ಮಾವ ಪಿಂಕ್ ಸ್ಲಿಪ್ಪಿನ ಫೋಟೋ ಕಳಿಸು ಅಂದರು. ಕನ್ನಡಕ ಹಾಕಿಕೊಂಡು, ಫೋನನ್ನು ಮುಖದ ಹತ್ತಿರ ಹಿಡಿದು ಮೇಲಿಂದ ಕೆಳಗೆ ಓದಿದರು. ಆಮೇಲೆ ನನ್ನ ಕಡೆ ನೋಡಿ, "ಏನಮ್ಮಾ, ಇದರಲ್ಲಿ ನನ್ನ ಹೆಸರೇ ಇಲ್ವಲ್ಲ?" ಅಂದರು.